ಆಯಿಯ ಹಜ್ ಯಾತ್ರೆಗೆ ನಾನು ಆರಿಸಿದ ಪುಸ್ತಕ

ನಾನು ಸುಳ್ಳು ಹೇಳಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದವರು ಹಾಗೆಂದುಕೊಳ್ಳುವುದು ಖಂಡಿತ. ಪುಸ್ತಕದಲ್ಲಿ ಇದ್ದದ್ದನ್ನೇ ಓದಿದೆ, ಒಂದಕ್ಷರ ಕೂಡಿಸಲಿಲ್ಲ. ಆದರೆ ಪುಸ್ತಕಗಳು ಎರಡಿದ್ದವು, ಆರಿಸುವ ಕೆಲಸ ನನ್ನದಾಗಿತ್ತು, ನಾನು ಬೇಕೆಂದೇ ತಪ್ಪು ಪುಸ್ತಕ ಆರಿಸಿದೆ. ಆಗ ನನಗೆ ಹದಿನಾರು ವರ್ಷ. ಆ ವಯಸ್ಸಿನವರಿಗೆ ಏನು ತಿಳಿಯುತ್ತದೆ ಎನ್ನುವವರು ಆ ವಯಸ್ಸಿನವರನ್ನು ಸರಿಯಾಗಿ ನೋಡಿಲ್ಲ. ನನಗೆ ಎಲ್ಲಾ ತಿಳಿದಿತ್ತು.

ನಮ್ಮದು ಕೊಪ್ಪಳದಲ್ಲಿ ಹತ್ತಿ ಹಿಂಜುವವರ ಮನೆ. ಅಪ್ಪ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿಕೊಂಡು ತಳಕಲ್, ಯಲಬುರ್ಗಾ ಕಡೆಯ ಊರುಗಳನ್ನು ಸುತ್ತಿ, ಜನರ ಹಳೆಯ ಗಾದಿಗಳನ್ನು ಬಿಚ್ಚಿ, ಗಂಟು ಕಟ್ಟಿದ ಹತ್ತಿಯನ್ನು ಹಿಂಜಿ, ಮತ್ತೆ ತುಂಬಿ ಹೊಲಿದು ಬರುತ್ತಿದ್ದ. ನಾನು ನಡೆಯಲು ಕಲಿಯುವ ಮೊದಲೇ ಅವ್ವ ತೀರಿಕೊಂಡಿದ್ದಳು. ನನ್ನನ್ನು ಬೆಳೆಸಿದವಳು ಅಪ್ಪನ ತಾಯಿ. ಅವಳನ್ನು ಆಯಿ ಎನ್ನುತ್ತಿದ್ದೆವು. ನಮಾಜು ಅರಬ್ಬಿಯಲ್ಲಿ, ಜಗಳ ಕನ್ನಡದಲ್ಲಿ, ಇದು ನಮ್ಮ ಮನೆಯ ಪದ್ಧತಿ. ಉರ್ದು ಎಂದರೆ ನಿಜಾಮರ ಸರಕಾರದ ಭಾಷೆ, ಕಚೇರಿಯ ಭಾಷೆ, ಸಾಲೆಯ ಭಾಷೆ. ಅಪ್ಪನಿಗೆ ಅದು ಕಿವಿಯಿಂದ ಅಷ್ಟಿಷ್ಟು ಗೊತ್ತು, ಆಯಿಗೆ ಅದೂ ಇಲ್ಲ. ಹೆಣ್ಣುಮಕ್ಕಳ ಸಾಲೆಯಲ್ಲಿ ಐದು ವರ್ಷ ಕೂತೆದ್ದ ನಾನೊಬ್ಬಳೇ ಮನೆಯಲ್ಲಿ ಓದಬಲ್ಲವಳು. ಉರ್ದುವಿನಲ್ಲಿ ಓದಿ ಕನ್ನಡದಲ್ಲಿ ಹೇಳುವುದು ನನಗೆ ರೂಢಿಯಾಗಿತ್ತು. ನೋಟೀಸು ಬಂದರೂ ನಾನೇ, ಕಾಗದ ಬಂದರೂ ನಾನೇ. ಅದರಿಂದ ನನಗೆ ಸ್ವಲ್ಪ ಕೊಬ್ಬೂ ಬಂದಿತ್ತು.

ಎರಡನೆಯ ಮಹಾಯುದ್ಧಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ಕುಷ್ಟಗಿಯಲ್ಲಿದ್ದ ಆಯಿಯ ತಮ್ಮ ಒಂದು ದಿನ ಬಂದು ಹೊಸ್ತಿಲ ಮೇಲೆ ಕೂತು, ನೀರು ಕುಡಿಯುವ ಮೊದಲೇ ಸುದ್ದಿ ಹೇಳಿದ. ಅವನನ್ನು ನಾನು ಕುಷ್ಟಗಿ ಅಜ್ಜ ಎನ್ನುತ್ತಿದ್ದೆ.

"ಅಕ್ಕಾ, ಈ ವರ್ಷ ನಾ ಹಜ್ಜಿಗೆ ಹೊಂಟೀನಿ. ನೀನೂ ಬಾ. ಮನಿ ಗಂಡಸರ ಜೋಡಿ ಇಲ್ಲದ ಹೆಣ್ಣಮಕ್ಕಳು ಅಲ್ಲಿಗೆ ಹೋಗಾಕ ಬರೂದಿಲ್ಲ. ನನ್ನ ಮಣಕಾಲು ಇನ್ನೊಂದ ಸಲ ಹೋಗೂವು ಅಲ್ಲ. ಈಗ ಬಂದ್ರ ಬಂದಿ, ಇಲ್ಲಂದ್ರ ಇಲ್ಲ."

ಆಯಿ ಎದ್ದು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಅಳುವುದನ್ನು ಯಾರಿಗೂ ತೋರಿಸದಿರುವುದು ಅವಳ ಹಟ. ಗಂಡ ಸತ್ತಂದಿನಿಂದ ಕೌದಿ ಹೊಲಿದು ಹಣ ಕೂಡಿಸುತ್ತ ಬಂದ ಅವಳಿಗೆ ಇದ್ದದ್ದು ಅದೊಂದೇ ಆಸೆ ಎಂದು ಓಣಿಗೆಲ್ಲ ಗೊತ್ತಿತ್ತು.

ಕುಷ್ಟಗಿ ಅಜ್ಜ ಎರಡನೆಯ ಸಲ ಬಂದಾಗ ಕೈಯಲ್ಲಿ ಎರಡು ಪುಸ್ತಕಗಳಿದ್ದವು, ಎರಡೂ ಉರ್ದುವಿನಲ್ಲಿ ಹಜ್ ಯಾತ್ರಿಕರಿಗೆ ದಾರಿ ತೋರಿಸುವಂಥವು. ಒಂದನ್ನು ಅವನು ತಮ್ಮೂರ ಮಸೀದಿಯ ಗೂಡಿನಿಂದ ಕೇಳಿ ತಂದಿದ್ದ. ದಪ್ಪ, ತೊಗಲಿನ ರಟ್ಟು, ಮುಟ್ಟಿದರೆ ಹಳೆಯ ಧೂಳು. ಇನ್ನೊಂದು, ಹಿಂದಿನ ವರ್ಷ ಯಾತ್ರೆ ಮುಗಿಸಿ ಬಂದ ಗಂಗಾವತಿಯ ಅಕ್ಕಿ ವ್ಯಾಪಾರಿಯೊಬ್ಬರು ಕೊಟ್ಟದ್ದು. ತೆಳ್ಳಗೆ, ಕಾಗದದ ಹೊದಿಕೆ, ಮೇಲೆ ಅರಿಸಿನದ ಕಲೆ.

"ನಿನ್ನ ಮೊಮ್ಮಗಳು ಎರಡೂ ನೋಡಿ ಒಂದು ಆರಿಸಲಿ," ಎಂದ. "ನೀನೂ ಓದಿದಾಕಿ ಅಲ್ಲ, ನಾನೂ ಓದಿದಾಂವ ಅಲ್ಲ. ದಾರ‍್ಯಾಗ ಯಾರ ಕೈಕಾಲು ಹಿಡಿದು ಓದಸೂದು? ನೀ ಬಾಯಿಪಾಠ ಮಾಡ್ಕೊ. ನಾ ನಿನ್ನ ಹಿಂದ ಬರ್ತೀನಿ."

ಆಯಿಯ ನೆನಪಿನ ಮೇಲೆ ಎಲ್ಲರಿಗೂ ಅಷ್ಟು ಭರವಸೆ. ಯಾವ ಊರಿನ ಯಾವ ಮನೆಯ ಗಾದಿಗೆ ಯಾವ ವರ್ಷದ ಹತ್ತಿ ತುಂಬಿದ್ದು ಎಂದು ಅವಳನ್ನು ಕೇಳಿದರೆ ಸಾಕಿತ್ತು. ಆದರೆ ಎರಡೂ ಪುಸ್ತಕ ಬೇಡ ಎಂದವಳು ಅವಳೇ.

"ಎರಡೂ ಕೂಡಿಸಿದ್ರ ನನ್ನ ತಲಿ ಅಂಬಲಿ ಆಗತೈತಿ. ಒಂದ ಸಾಕು. ಛಲೋದನ್ನ ಆರಿಸವಾ."

ಅದೇ ವಾರ ಆಯಿ ಒಂದು ಬಿಳಿ ಬಟ್ಟೆಯನ್ನು ಒಗೆದು, ಒಣಗಿಸಿ, ನಾಲ್ಕು ಮಡಿಕೆ ಮಾಡಿ ಟ್ರಂಕಿನ ತಳಕ್ಕೆ ಇಟ್ಟದ್ದನ್ನು ನಾನು ನೋಡಿದೆ. ಕಫನ್ನಿನ ಬಟ್ಟೆ, ಹೆಣಕ್ಕೆ ಹೊದಿಸುವಂಥದ್ದು. ಅಲ್ಲಿಯ ಜಮ್‌ಜಮ್ ಬಾವಿಯ ಪವಿತ್ರ ನೀರಿನಲ್ಲಿ ಅದ್ದಿ ತರುತ್ತಾರೆ, ತಮ್ಮ ಕೊನೆಗಾಲಕ್ಕೆ ಇರಲಿ ಎಂದು. ಅದು ನನಗೂ ಗೊತ್ತಿದ್ದ ಪದ್ಧತಿ. ಆದರೆ ಎದುರುಮನೆಯ ಗುಮಾಸ್ತರ ಹೆಂಡತಿಯೊಡನೆ ಕಟ್ಟೆಯ ಮೇಲೆ ಕೂತು ಆಯಿ ನಗುನಗುತ್ತ ಹೇಳಿದ್ದೂ ನನ್ನ ಕಿವಿಗೆ ಬಿತ್ತು: "ಅಲ್ಲೇ ಕಣ್ಣ ಮುಚ್ಚಿದ್ರ ಅದಕ್ಕಿಂತ ದೊಡ್ಡ ನಸೀಬ ಯಾವದೈತ್ರಿ?"

ನನಗೆ ಬಂದದ್ದು ದುಃಖವಲ್ಲ, ಸಿಟ್ಟು. ನನಗೆ ಇದ್ದವಳು ಅವಳೊಬ್ಬಳು. ಅವಳು ನನ್ನನ್ನು ಬಿಟ್ಟು ಅಷ್ಟು ದೂರ ಹೋಗಿ, ಅಲ್ಲಿ ಮಣ್ಣಾಗುವುದನ್ನು ನಸೀಬು ಎನ್ನುತ್ತಾಳಲ್ಲ! ಸಿಟ್ಟು ಮೊದಲೇ ನನ್ನ ಮೂಗಿನ ತುದಿಯ ಮೇಲೆ ಇರುತ್ತಿತ್ತು, ಈಗಲೂ ಇರುತ್ತದೆ. ಅಂದು ಮಾತ್ರ ಅದು ಬಾಯಿಗೆ ಬರದೆ ಹೊಟ್ಟೆಗೆ ಇಳಿಯಿತು.

ಎರಡೂ ಪುಸ್ತಕಗಳನ್ನು ಎರಡೇ ದಿನದಲ್ಲಿ ಓದಿ ಮುಗಿಸಿದೆ. ತೆಳು ಪುಸ್ತಕ ಬರೆದವರು ಯಾರೋ ಅಚ್ಚುಕಟ್ಟಿನ ಮನುಷ್ಯ. ಮುಂಬಯಿಯಲ್ಲಿ ಎಲ್ಲಿ ಇಳಿದುಕೊಳ್ಳಬೇಕು, ಯಾವ ರೋಗಕ್ಕೆ ಸೂಜಿ ಚುಚ್ಚಿಸಿಕೊಳ್ಳಬೇಕು, ಹಡಗಿನಲ್ಲಿ ಅಡಿಗೆಗೆ ಏನೇನು ಒಯ್ಯಬೇಕು, ಜಿದ್ದಾದಲ್ಲಿ ಇಳಿದ ಮೇಲೆ ಮೋಟಾರು ಲಾರಿಯಲ್ಲಿ ಎಷ್ಟು ಹೊತ್ತಿನ ದಾರಿ, ಎಲ್ಲವೂ ಇತ್ತು. ಈಗ ದಾರಿಯಲ್ಲಿ ಕಳ್ಳಕಾಕರ ಭಯವಿಲ್ಲ, ಮುದುಕರೂ ಹೆಂಗಸರೂ ಧೈರ್ಯವಾಗಿ ಹೋಗಬಹುದು ಎಂದೂ ಬರೆದಿದ್ದರು. ದಪ್ಪ ಪುಸ್ತಕ ಒಂಟೆಗಳ ಕಾಲದ್ದು. ಒಂಟೆಯ ಬೆನ್ನಿನ ಮೇಲಿನ ತೊಟ್ಟಿಲಲ್ಲಿ ಹಗಲಿಡೀ ಕುಲುಕಾಟ, ಉಪ್ಪುನೀರಿನ ಬಾವಿಗಳು, ಗುಡ್ಡದ ಹಿಂದಿನಿಂದ ಬಂದು ಸುಲಿಯುವ ಸವಾರರು, ವಾಂತಿಭೇದಿಯಿಂದ ದಾರಿಯಲ್ಲೇ ಸತ್ತವರು. ಬರೆದವರಿಗೆ ಸಾವಿನ ವರ್ಣನೆಯಲ್ಲಿ ವಿಶೇಷ ಪ್ರೀತಿ ಇದ್ದಂತಿತ್ತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೋಗಬೇಡ ಎಂದು ನಾನು ಹೇಳುವಂತಿರಲಿಲ್ಲ, ಹಜ್ಜಿಗೆ ಹೊರಟವರನ್ನು ತಡೆಯುವುದು ಪಾಪ. ಪುಸ್ತಕವೇ ಹೇಳಿದರೆ ನನ್ನ ತಪ್ಪೇನು? ತೆಳುವಾದದ್ದನ್ನು ಒಯ್ದು ಅಂಗಳದ ಮೂಲೆಯಲ್ಲಿದ್ದ ಹತ್ತಿ ತುಂಬಿದ ದೊಡ್ಡ ಚೀಲದ ಅಂಡಿಗೆಯೊಳಗೆ ಮೊಣಕೈವರೆಗೆ ಕೈ ತೂರಿಸಿ ಅಡಗಿಸಿಟ್ಟೆ. ದಪ್ಪನೆಯದನ್ನು ಆಯಿಯ ಮಡಿಲಿಗೆ ಹಾಕಿದೆ.

"ಇದ ಛಲೋ ಐತಿ, ಆಯಿ. ಆ ಸಣ್ಣದು ಏನೂ ಸುಖ ಇಲ್ಲ."

ಆಯಿ ಅದನ್ನು ಅಂಗೈ ಮೇಲೆ ಇಟ್ಟು ಎರಡು ಸಲ ಮೇಲೆ ಕೆಳಗೆ ಮಾಡಿದಳು. ಹತ್ತಿಯ ಕಸುಬಿನವರು ನಾವು. ಹಿಂಜಿದ ಹತ್ತಿ ಕಣ್ಣಿಗೆ ಮನೆ ತುಂಬ ಕಂಡರೂ ತಕ್ಕಡಿಯಲ್ಲಿ ಏನೂ ಇರುವುದಿಲ್ಲ. ಹಾಗಾಗಿ ನಮ್ಮ ಮಂದಿ ಕಣ್ಣನ್ನು ನಂಬುವುದಿಲ್ಲ, ತೂಕವನ್ನು ನಂಬುತ್ತಾರೆ. ಗಂಡು ನೋಡಲು ಹೋದರೂ ಅಷ್ಟೇ, ಹಣ್ಣು ಕೊಳ್ಳಲು ಹೋದರೂ ಅಷ್ಟೇ.

"ತೂಕ ಐತಿ," ಎಂದಳು ಆಯಿ. "ಇದನ್ನ ಓದು."

ರಂಜಾನ್ ತಿಂಗಳು ನಡೆದಿತ್ತು. ದಿನಾ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಆಯಿ ಗೋಡೆಗೆ ಒರಗಿ ಕೂರುತ್ತಿದ್ದಳು, ನಾನು ಉಪವಾಸದ ಒಣ ಗಂಟಲಿನಲ್ಲಿ ಓದಿ ಓದಿ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೆ. ಉಪವಾಸವಿದ್ದುಕೊಂಡು ಇಂಥ ಕೆಲಸ! ಅದು ಹೊಳೆಯದೆ ಇರಲಿಲ್ಲ. ಹೊಳೆದಾಗಲೆಲ್ಲ, ಪುಸ್ತಕದಲ್ಲಿ ಇದ್ದದ್ದನ್ನೇ ಓದುತ್ತಿದ್ದೇನಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಆಯಿ ಹೆದರಲಿಲ್ಲ. ಸುಲಿಯುವ ಸವಾರರ ಅಧ್ಯಾಯ ಮುಗಿಸಿ ನಾನು ಅವಳ ಮುಖ ನೋಡಿದರೆ, ಅವಳು "ನನ್ನ ಹತ್ತಿರ ಏನೈತಿ ಸುಲಿಯಾಕ? ಒಂದ ಹರಕ ಕೌದಿ. ಬೇಕಂದ್ರ ಅವರಿಗೇ ಒಂದ ಹೊಲದ ಕೊಡ್ತೀನಿ," ಎಂದು ನಕ್ಕಳು. ಉಪ್ಪುನೀರಿನ ಬಾವಿಗಳ ಮಾತು ಬಂದ ದಿನ ಸಂಜೆ, ಉಪವಾಸ ಬಿಡುವಾಗ, ಅರ್ಧ ಲೋಟ ನೀರು ಕುಡಿದು ಉಳಿದದ್ದನ್ನು ಕೆಳಗಿಟ್ಟಳು. ಯಾಕೆಂದು ಕೇಳಿದರೆ "ರೂಢಿ ಮಾಡ್ಕೊಬೇಕಲ್ಲವಾ" ಎಂದಳು. ಮರುದಿನವೂ ಅರ್ಧ ಲೋಟ. ಅವಳ ತುಟಿ ಒಡೆದದ್ದನ್ನು ನೋಡಿದೆ. ಆದರೂ ಬಾಯಿ ಬಿಡಲಿಲ್ಲ.

ಒಂಟೆಯ ಕುಲುಕಾಟದ ಅಧ್ಯಾಯ ಬಂತು. ಕೊಪ್ಪಳದಲ್ಲಿ ಒಂಟೆ ಎಲ್ಲಿಂದ ಬರಬೇಕು? ಆಯಿ ಮಾರನೆಯ ದಿನ ಹತ್ತಿ ಹೇರಿಕೊಂಡು ಬಂದ ಒಂದು ಗಾಡಿಯ ಮೇಲೆ, ಅಂಡಿಗೆಗಳ ತುತ್ತತುದಿಗೆ, ಏಣಿ ಇಟ್ಟು ಹತ್ತಿದಳು. ಗಾಡಿಯವನಿಗೆ ಕುಷ್ಟಗಿ ರಸ್ತೆಯಲ್ಲಿ ಎತ್ತುಗಳನ್ನು ಓಡಿಸಿಕೊಂಡು ಹೋಗಿ ಬಾ ಎಂದು ಅಪ್ಪಣೆ ಮಾಡಿದಳು. ಅವನು ಮೊದಲು ನಕ್ಕ, ಆಮೇಲೆ ಓಡಿಸಿದ. ಅರವತ್ತು ದಾಟಿದ ಮುದುಕಿ ಅಷ್ಟು ಎತ್ತರದಲ್ಲಿ ಹಗ್ಗ ಹಿಡಿದು ಕೂತು, ತಲೆಯ ಮೇಲಿನ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಆ ಕಡೆ ಈ ಕಡೆ ತೂಗುತ್ತ ಹೋಗಿ ಬಂದಳು. ಇಳಿದಾಗ ಹುಬ್ಬಿನ ಮೇಲೆಲ್ಲ ಹತ್ತಿಯ ಎಳೆ.

"ಒಂಟಿ ಇದಕ್ಕಿಂತ ಹೆಚ್ಚ ಏನ ಕುಣಸತೈತಿ?" ಎಂದಳು.

ಆಯಿಯ ದುರ್ದೈವಕ್ಕೆ ಅಪ್ಪ ಅದೇ ಹೊತ್ತಿಗೆ ಯಲಬುರ್ಗಾದಿಂದ ಬರುತ್ತಿದ್ದ. ನೋಡಿದ. ಮನೆಗೆ ಬಂದು ಬಿಲ್ಲು ಕೆಳಗಿಟ್ಟು, ಆ ಪುಸ್ತಕ ತನಗೂ ಓದಿ ಹೇಳು ಎಂದ. ಅಲ್ಲಿಯೇ ನಾನು ನಿಲ್ಲಿಸಬಹುದಾಗಿತ್ತು. ನಿಲ್ಲಿಸಲಿಲ್ಲ. ಸವಾರರನ್ನೂ ವಾಂತಿಭೇದಿಯನ್ನೂ ಒಂದರ ಹಿಂದೊಂದು ಓದಿದೆ. ಅಪ್ಪ ಕೇಳುತ್ತ ಕೇಳುತ್ತ ಬೆವರಿದ. ಅಪ್ಪ ಹೆದರುವ ಮನುಷ್ಯ, ಆಯಿಯಂತಲ್ಲ. ಹೆಂಡತಿಯನ್ನು ಒಮ್ಮೆ ಕಳೆದುಕೊಂಡವನು.

"ಬ್ಯಾಡಬೇ," ಎಂದ, ಕೊನೆಗೆ. "ಮಾಮ ಒಬ್ಬಾಂವ ಹೋಗಲಿ. ನಿನ್ನ ಕೈಯಾರ ಕಳಿಸಿ ಆಮ್ಯಾಲ ನಾ ಇಲ್ಲಿ ಉಣ್ಣೂದು ಹೆಂಗ? ನಾ ಒಪ್ಪೂದಿಲ್ಲ."

ಆಯಿ ವಾದಿಸಿದಳು, ಗದರಿದಳು, ಕೊನೆಗೆ ಸುಮ್ಮನಾದಳು. ಮಗ ಮನಸ್ಸಿನಿಂದ ಒಪ್ಪದೆ ಹೊರಟರೆ ಆ ಯಾತ್ರೆಗೆ ಅರ್ಥವಿಲ್ಲ ಎಂಬುದು ಅವಳ ನಂಬಿಕೆ. ಕುಷ್ಟಗಿಗೆ ಹೋಗುವ ಗಾಡಿಯವನ ಕೈಯಲ್ಲಿ ಅಪ್ಪ ಹೇಳಿಕಳಿಸಿಯೂ ಬಿಟ್ಟ. ನಾನು ಗೆದ್ದಿದ್ದೆ. ಆ ಸಂಜೆ ರೊಟ್ಟಿ ಬಡಿಯುತ್ತ ಹಾಡು ಗುನುಗಿಕೊಂಡದ್ದು ನೆನಪಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಹಜ್ಜಿಗೆ ಹೊರಡುವವರು ಮೊದಲು ಮನೆಮನೆಗೆ ಹೋಗಿ ಮಾಫಿ ಕೇಳಬೇಕು. ಆಡಿದ್ದು, ಕೇಳಿದ್ದು, ಮಾಡಿದ್ದು ಏನೇ ಇದ್ದರೂ ಹೊಟ್ಟೆಯಲ್ಲಿ ಹಾಕಿಕೊಳ್ಳಿ ಎಂದು ಎಲ್ಲರನ್ನೂ ಬೇಡಿಕೊಂಡೇ ಹೊರಡಬೇಕು. ಮನುಷ್ಯರು ಕ್ಷಮಿಸದಿದ್ದರೆ ದೇವರೂ ಆ ಬಾಕಿಯನ್ನು ತೆಗೆಯುವುದಿಲ್ಲ ಎನ್ನುತ್ತಾರೆ. ಮರುದಿನ ಬೆಳಿಗ್ಗೆ ಆಯಿ ಒಗೆದ ಸೀರೆಯುಟ್ಟು ಓಣಿಗೆ ಇಳಿದಳು. ಮೊದಲು ಎದುರುಮನೆಗೆ ಹೋದಳು, ಆಮೇಲೆ ಪಕ್ಕದ ಮನೆಗೆ. ಹೋಗದವಳಿಗೆ ಈ ಸುತ್ತಾಟವೇಕೆ ಎಂದು ನನಗೆ ಅರ್ಥವಾಗಲಿಲ್ಲ. ಹಿಂದೆಯೇ ಹೋಗಿ ಪಕ್ಕದ ಮನೆಯ ಬಾಗಿಲಲ್ಲಿ ನಿಂತು ಕೇಳಿದೆ.

ಆಯಿ ಹೇಳುತ್ತಿದ್ದಳು: "ಹಜ್ಜಿಗೆ ಹೋಗ್ತೀನಿ ಅಂತ ಊರ ತುಂಬ ಹೇಳ್ಕೋತ ತಿರಗಿದ್ನೆರಿ. ಈಗ ಹೋಗೂದ ಆಗೂದಿಲ್ಲ. ನನ್ನ ಮಾತು ಸುಳ್ಳಾತು. ಮಾಫ್ ಮಾಡ್ರಿ."

ಒಂದು ಮನೆಯಲ್ಲ, ಎರಡು ಮನೆಯಲ್ಲ. ಹಿಂದೂಗಳ ಮನೆ, ಮುಸಲ್ಮಾನರ ಮನೆ, ಎಣ್ಣೆಯ ಅಂಗಡಿ, ಮಸೀದಿಯ ಮುಂದಿನ ಚಪ್ಪಲಿ ಹೊಲಿಯುವವನು. ಯಾರೂ ಅವಳನ್ನು ಸುಳ್ಳುಗಾತಿ ಎಂದಿರಲಿಲ್ಲ. ಎಲ್ಲರೂ ಅಯ್ಯೋ ಎಂದರು, ಒಬ್ಬಿಬ್ಬರು ಅತ್ತರು. ಅವಳು ಮಾತ್ರ ಅಳಲಿಲ್ಲ. ಬಿಸಿಲು ಏರುವ ಹೊತ್ತಿಗೆ ಮನೆಗೆ ಬಂದು, ನೇರವಾಗಿ ನನ್ನ ಮುಂದೆ ಕೂತಳು.

"ಉಪವಾಸದಾಗ ಗಂಟಲ ಹರಕೊಂಡ ಓದಿದಿ. ನಿನ್ನ ಓದೆಲ್ಲಾ ನೀರಾಗಿ ಹೋತು. ನನ್ನ ಮ್ಯಾಲ ಸಿಟ್ಟ ಆಗಬ್ಯಾಡವಾ. ಮಾಫ್ ಮಾಡು."

ಎರಡು ಕೈಯನ್ನೂ ಜೋಡಿಸಿದ್ದಳು, ನನಗೆ. ಅವಳ ಮೊಮ್ಮಗಳಿಗೆ. ನಾನು ಆ ಕೈಗಳನ್ನು ಬಿಡಿಸಲು ಹೋಗಿ, ಬಿಡಿಸಲಾರದೆ, ಅವುಗಳ ಮೇಲೆಯೇ ಮುಖವಿಟ್ಟು ಹೋ ಎಂದು ಅತ್ತುಬಿಟ್ಟೆ. ಅಳುತ್ತಲೇ ಎಲ್ಲವನ್ನೂ ಹೇಳಿದೆ. ಇನ್ನೊಂದು ಪುಸ್ತಕದ ಮಾತು, ಮೋಟಾರು ಲಾರಿಯ ಮಾತು, ಕಫನ್ನಿನ ಬಟ್ಟೆಯ ಮಾತು. ನೀನು ಅಲ್ಲಿ ಸತ್ತರೆ ನನಗೆ ಯಾರಿದ್ದಾರೆ ಎಂದೂ ಹೇಳಿದೆ. ನನ್ನನ್ನು ಮಾಫ್ ಮಾಡು ಎಂದೆ. ಬಹಳ ಸಲ ಎಂದೆ.

ಆಯಿ ಕೇಳಿದ್ದು ಒಂದೇ.

"ಎಲ್ಲೈತಿ ಆ ಪುಸ್ತಕ?"

ಹತ್ತಿ ಮೆತ್ತಿಕೊಂಡ ಪುಸ್ತಕವನ್ನು ತಂದು ಕೊಟ್ಟೆ. ಅಪ್ಪ ಬಂದ ಮೇಲೆ ಅವನ ಮುಂದೆಯೂ ಒಪ್ಪಿಕೊಂಡೆ, ತೆಳು ಪುಸ್ತಕವನ್ನು ಬಿಚ್ಚಿ ಓದಲು ಶುರು ಮಾಡಿದೆ. ಅಪ್ಪ ಕೈಯೆತ್ತಿ ತಡೆದ. ನನಗೆ ಎಂದೂ ಹೊಡೆದವನಲ್ಲ. ಅಂದು ಹೊಡೆದಿದ್ದರೆ ಚೆನ್ನಾಗಿತ್ತು.

"ನೀ ಓದಬ್ಯಾಡ," ಎಂದ. "ನೀ ಓದಿದ್ದನ್ನ ಇನ್ನ ಹೆಂಗ ನಂಬೂದು? ಆಗ ಹೆದರಸಾಕ ಓದಿದಿ, ಈಗ ಸಮಾಧಾನ ಮಾಡಾಕ ಓದತಿರಬೇಕು."

ಅದುವರೆಗೆ ಮನೆಗೆ ಬಂದ ಪ್ರತಿಯೊಂದು ಕಾಗದವನ್ನೂ ನನ್ನ ಬಾಯಿಂದಲೇ ಕೇಳಿದವನು ಅವನು. ಆ ಮಾತಿನಷ್ಟು ನನಗೆ ತಾಗಿದ್ದು ಬೇರೆ ಯಾವುದೂ ಇಲ್ಲ.

ಅಪ್ಪ ಎರಡೂ ಪುಸ್ತಕಗಳನ್ನು ಎತ್ತಿಕೊಂಡು ಎದುರುಮನೆಗೆ ನಡೆದ. ನಾನೂ ಆಯಿಯೂ ಹಿಂದೆ ಹೋದೆವು. ಗುಮಾಸ್ತರು ಹಣೆಗೆ ಗಂಧವಿಟ್ಟುಕೊಂಡು ಕಚೇರಿಗೆ ಹೋಗಿ ದಿನವಿಡೀ ಉರ್ದು ಬರೆಯುವ ಮನುಷ್ಯ. ಅಂದಿನ ಕೊಪ್ಪಳದಲ್ಲಿ ಅದೇನೂ ವಿಚಿತ್ರವಲ್ಲ. ಕೆಲಸ ಬೇಕಾದವರೆಲ್ಲ ಉರ್ದು ಕಲಿತಿದ್ದರು. ಆದರೆ ಹತ್ತಿ ಹಿಂಜುವ ಮುಸಲ್ಮಾನರೊಬ್ಬರು ತಾಯಿಯ ಹಜ್ ಪುಸ್ತಕವನ್ನು ಓದಿಸಲು ತಮ್ಮ ಮನೆಗೆ ಬಂದದ್ದು ಅವರಿಗೂ ಹೊಸದಿರಬೇಕು. ಕೈಕಾಲು ತೊಳೆದು ಬಂದು ಕೂತರು. ಮೊದಲು ಎರಡೂ ಪುಸ್ತಕಗಳ ಮೊದಲ ಹಾಳೆ ತೆಗೆದು ಅಚ್ಚಾದ ವರ್ಷ ನೋಡಿದರು. ನನಗೆ ಹೊಳೆಯದ ಕೆಲಸ ಅದು.

"ನೋಡ್ರಿ, ಈ ದೊಡ್ಡದು ಛಾಪಿಸಿದ್ದು ನಾ ಹುಟ್ಟೂ ಮೊದಲ. ನನಗ ಈಗ ನಲವತ್ತ ದಾಟ್ಯಾವು. ಇದರಾಗ ಬರದದ್ದು ಸುಳ್ಳಲ್ಲ, ಆದ್ರ ಆ ಕಾಲದ್ದು. ಈ ಸಣ್ಣದು ಮೊನ್ನಿ ಮೊನ್ನಿದು."

ಅನಂತರ ತೆಳು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ, ಕಚೇರಿಯ ಕಾಗದವನ್ನು ಓದುವ ಅದೇ ಒಣ ದನಿಯಲ್ಲಿ ಓದಿ, ವಾಕ್ಯ ವಾಕ್ಯಕ್ಕೆ ಕನ್ನಡದಲ್ಲಿ ಹೇಳಿದರು. ಹೆಂಗಸರೂ ಮುದುಕರೂ ಧೈರ್ಯವಾಗಿ ಹೋಗಬಹುದು ಎಂಬ ಮಾತು ಬಂದಾಗ ಅಪ್ಪ ಇನ್ನೊಮ್ಮೆ ಓದ್ರಿ ಎಂದ. ಇನ್ನೊಮ್ಮೆ ಓದಿದರು. ಮೂರನೆಯ ಸಲ ಕೇಳಿದಾಗ ಗುಮಾಸ್ತರು ಕನ್ನಡಕ ತೆಗೆದರು.

"ಇನ್ನ ಎಷ್ಟ ಸಲ ಓದಿದ್ರೂ ಅದ ಐತ್ರಿ. ಕಳಸ್ರಿ ಅವರನ್ನ."

ಅಪ್ಪ ಅಲ್ಲಿಯೇ ಆಯಿಯ ಕಾಲು ಮುಟ್ಟಿದ. ಹೋಗಿ ಬಾ ಎಂದ. ನಾನು ಬಾಗಿಲ ಹತ್ತಿರ ನಿಂತೇ ಇದ್ದೆ.

ಕುಷ್ಟಗಿಗೆ ಮತ್ತೆ ಹೇಳಿಕಳಿಸಿದ್ದಾಯಿತು. ಈದ್ ಮುಗಿದು ಮೂರನೆಯ ದಿನ ಹೊರಡಬೇಕು, ಉಳಿದದ್ದು ಹನ್ನೊಂದು ದಿನ. ತೆಳು ಪುಸ್ತಕವನ್ನು ಬಾಯಿಪಾಠ ಮಾಡಿಸುವ ಕೆಲಸ ಮತ್ತೆ ನನಗೇ ಬಂತು, ಗುಮಾಸ್ತರಿಗೆ ಬಿಡುವೆಲ್ಲಿ? ನಾನು ಓದುತ್ತಿದ್ದೆ, ಆಯಿ ತಿರುಗಿ ಹೇಳುತ್ತಿದ್ದಳು, ತಪ್ಪಿದರೆ ತಿದ್ದುತ್ತಿದ್ದೆ. ಸಂಜೆ ಅವಳು ಲೋಟದ ತುಂಬ ನೀರು ಕುಡಿದಳು. ಎಲ್ಲವೂ ಮೊದಲಿನಂತೆಯೇ ಇತ್ತು, ಒಂದನ್ನು ಬಿಟ್ಟು. ನಾನು ಕೇಳಿದ ಮಾಫಿಗೆ ಅವಳು ಉತ್ತರ ಕೊಟ್ಟಿರಲಿಲ್ಲ. ಮತ್ತೆ ಕೇಳಲು ನನಗೆ ಧೈರ್ಯವಿರಲಿಲ್ಲ. ಕೇಳಿದರೆ ಇಲ್ಲ ಎಂದುಬಿಟ್ಟರೆ?

ಸ್ಟೇಶನ್ನಿಗೆ ಅರ್ಧ ಓಣಿಯೇ ಬಂದಿತ್ತು. ಆಯಿ ಎಲ್ಲರಿಗೂ ಮತ್ತೊಮ್ಮೆ ಕೈಮುಗಿದಳು. ನನ್ನ ತಲೆಯ ಮೇಲೆ ಕೈಯಿಟ್ಟು, "ಅಪ್ಪಗ ಹೊತ್ತಿಗೆ ಸರಿಯಾಗಿ ಊಟಕ್ಕ ಹಾಕು" ಎಂದಳು. ಅಷ್ಟೇ. ರೈಲು ಹೋಯಿತು.

ಆ ಮೂರು ತಿಂಗಳಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಗುಮಾಸ್ತರ ಹೆಂಡತಿಯಿಂದ ಕನ್ನಡದ ಅಕ್ಷರ ಕಲಿತದ್ದು. ಅವರು ಮಠದ ಸಾಲೆಯಲ್ಲಿ ಓದಿದ್ದವರು. ಆಡುವ ಮಾತನ್ನೇ ಬರೆಯಬಹುದು ಎಂಬುದು ನನಗೆ ಅದುವರೆಗೆ ಹೊಳೆದಿರಲಿಲ್ಲ. ಬರೆಯುವುದೆಂದರೆ ಬೇರೆ ಭಾಷೆ ಎಂದುಕೊಂಡಿದ್ದೆ. "ಆಯಿ ಬಂದಳು" ಎಂದು ಬರೆದು ಬರೆದು ಪಾಟಿ ತುಂಬಿಸುತ್ತಿದ್ದೆ.

ಬಂದಳು. ಬಿಸಿಲಿಗೆ ಕಪ್ಪಾಗಿ, ಸೊರಗಿ, ಆದರೆ ಗಟ್ಟಿಯಾಗಿ ಬಂದಳು. ಕಫನ್ನಿನ ಬಟ್ಟೆಯೂ ಅವಳ ಜೊತೆಗೇ ಬಂತು, ಅದರ ಕೆಲಸ ಬೀಳಲು ಇನ್ನೂ ಹದಿನಾಲ್ಕು ವರ್ಷ ಬೇಕಾಯಿತು. ಕುಷ್ಟಗಿ ಅಜ್ಜ ಕೂತಲ್ಲಿ ನಿಂತಲ್ಲಿ ಅವಳ ಪ್ರತಾಪವನ್ನೇ ಹೇಳಿದ. ಹಡಗಿನಲ್ಲಿ ಗುಲಬರ್ಗಾ ಕಡೆಯ ನಾಲ್ಕು ಜನ ಹೆಂಗಸರಿದ್ದರಂತೆ, ಉರ್ದು ಬಾರದವರು. ಆಯಿ ಅವರನ್ನು ಸುತ್ತ ಕೂರಿಸಿಕೊಂಡು ಇಡೀ ಪುಸ್ತಕವನ್ನು ಕನ್ನಡದಲ್ಲಿ ಒಪ್ಪಿಸಿದಳಂತೆ. ಕೊನೆಕೊನೆಗೆ ಓದು ಬಲ್ಲ ಗಂಡಸರೂ ಬಂದು, ಮುಂದೇನು ಎಂದು ಇವಳನ್ನೇ ಕೇಳುತ್ತಿದ್ದರಂತೆ.

ಬಂದ ನಾಲ್ಕನೆಯ ದಿನ, ನೆಂಟರೆಲ್ಲ ಹೋದ ಮೇಲೆ, ಆಯಿ ಆ ತೆಳು ಪುಸ್ತಕ ತೆಗೆದು ನನ್ನ ಮುಂದಿಟ್ಟಳು. ಬರುವ ವರ್ಷ ತಳಕಲ್‌ನವರೊಬ್ಬರು ಹೊರಟಿದ್ದಾರೆ, ಅವರಿಗೆ ಕೊಡಬೇಕು, ಆದರೆ ಇದರಲ್ಲಿ ಇಲ್ಲದ್ದು ಬಹಳ ಇದೆ ಎಂದಳು.

"ನಾ ಹೇಳ್ತೀನಿ, ನೀ ಬರಿ. ಕನ್ನಡದಾಗ ಬರಿ. ನೀ ಕಲತಿ ಅಂತ ಕೇಳೀನಿ."

ಕೊನೆಯ ಖಾಲಿ ಹಾಳೆಗಳಲ್ಲಿ ಬರೆದೆ. ಹಡಗಿನಲ್ಲಿ ಮೂರು ದಿನ ವಾಂತಿ, ನಾಲ್ಕನೆಯ ದಿನ ತಾನೇ ನಿಲ್ಲುತ್ತದೆ, ಹೆದರಬೇಡಿ. ಲಿಂಬೆಹಣ್ಣು ಇರಲಿ. ಎಲ್ಲರ ಟ್ರಂಕೂ ಒಂದೇ ಥರ ಇರುತ್ತವೆ, ನಿಮ್ಮದಕ್ಕೆ ಕೆಂಪು ಅರಿವೆ ಕಟ್ಟಿ. ಜೋಳದ ರೊಟ್ಟಿ ಒಣಗಿಸಿ ಒಯ್ಯಿರಿ, ಅಲ್ಲಿಯ ರೊಟ್ಟಿಗೆ ನಮ್ಮ ಹಲ್ಲು ಹೊಂದುವುದಿಲ್ಲ. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ ಇತ್ತು. ಪಾಟಿಯ ಮೇಲಲ್ಲದೆ ಕಾಗದದ ಮೇಲೆ ನಾನು ಮೊದಲು ಬರೆದ ಕನ್ನಡ ಅದು. ಆಯಿ ಸಾವಕಾಶ ಹೇಳುತ್ತ, ನನ್ನ ಕೈ ನಿಲ್ಲುವವರೆಗೆ ಕಾಯುತ್ತಿದ್ದಳು.

"ಇನ್ನೊಂದ ಐತಿ," ಎಂದಳು. "ಇದನ್ನ ಹಿಂದ ಬರಿಬ್ಯಾಡ. ಮೊದಲನೇ ಹಾಳಿ ಮ್ಯಾಲ ಬರಿ."

ಮೊದಲ ಹಾಳೆ ತೆಗೆದೆ.

"ಹೊಂಡೂ ಮೊದಲ ಮನ್ಯಾಗ ಯಾರರ ಒಬ್ಬರು ಅಡ್ಡ ಬರ್ತಾರ. ಏನರ ಹೇಳಿ ಹೆದರಸ್ತಾರ. ಅವರ ಮ್ಯಾಲ ಸಿಟ್ಟ ಆಗಬ್ಯಾಡ್ರಿ. ನಿಮ್ಮನ್ನ ಬಿಟ್ಟ ಇರಾಕ ಆಗದಾವರ ಹಂಗ ಮಾಡೂದು. ಅಲ್ಲಿ ಮುಟ್ಟಿದ ಮ್ಯಾಲ ಮೊದಲನೇ ದುವಾ ಅವರ ಹೆಸರಲೆ ಮಾಡ್ರಿ."

ನನ್ನ ಕೈ ನಿಂತಿತು. ಹಾಳೆಯನ್ನು ನೋಡುತ್ತಲೇ ಕೇಳಿದೆ.

"ನೀ ಮಾಡಿದೇನ, ಆಯಿ?"

"ಬರಿಯವಾ ಮೊದಲ," ಎಂದಳು. "ಮಸಿ ಒಣಗತೈತಿ."